ಮರಳಿ ಬಂದ ದಾರ

"ಆ ಚೀಟಿ ನಂದಲ್ರಿ ಬಾಯಾರ," ಎಂದರು ಶಿವಬಸಪ್ಪ. ಮಾತು ಸತ್ಯಭಾಮಾಳಿಗೆ, ಕಣ್ಣು ಮಾತ್ರ ಅಂಗಡಿಯ ಬಾಗಿಲಿಗೆ.

ಸತ್ಯಭಾಮಾ ಸುಮ್ಮನೆ ಕುಳಿತಳು. ನಾಗಪುರ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು ಅವಳು. ಒಡೆದ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ‘ನಾ ಮುಟ್ಟೇ ಇಲ್ಲ’ ಎಂದು ಆಣೆ ಹಾಕಿದ ಎಷ್ಟೋ ಮಹಾನುಭಾವರನ್ನು ಕಂಡಿದ್ದಳು. ಅಂಥವರ ಎದುರು ಬಾಯಿ ಮುಚ್ಚಿಕೊಂಡು ಕೂತರೆ ಅವರೇ ಬಾಯಿ ಬಿಡುತ್ತಾರೆ. ಈಗ ಊರಿನ ಕನ್ನಡದವರ ಮನೆಗಳಲ್ಲಿ ಏನು ಕಳೆದರೂ ಮೊದಲ ಫೋನು ಅವಳಿಗೆ, ಎರಡನೆಯದು ಪೊಲೀಸರಿಗೆ.

ಸದರ್ ಬಡಾವಣೆಯ ಆ ಇಳಕಲ್ ಸೀರೆ ಅಂಗಡಿಯಲ್ಲಿ ಶನಿವಾರದ ಮಧ್ಯಾಹ್ನ ಗಿರಾಕಿಗಳು ಕಡಿಮೆ. ಗಾದಿಯ ಆಚೆ ತುದಿಯಲ್ಲಿ ಮ್ಯಾನೇಜರ್ ಕಲ್ಲೇಶ ಇಬ್ಬರು ಹೆಂಗಸರ ಮುಂದೆ ಸೀರೆಯ ಮೇಲೆ ಸೀರೆ ಬಿಚ್ಚಿ ಹರಡುತ್ತಿದ್ದ. ಬಿಚ್ಚಿದ ಪ್ರತಿ ಸೀರೆಯ ಮಡಿಕೆಯಿಂದಲೂ ತಿಳಿಗುಲಾಬಿ ಬಣ್ಣದ ತೆಳ್ಳನೆಯ ಕಾಗದವೊಂದು ಜಾರಿ ಬೀಳುತ್ತಿತ್ತು.

ಸತ್ಯಭಾಮಾ ಕೈ ಚಾಚಿ ಅದರಲ್ಲೊಂದನ್ನು ಎತ್ತಿಕೊಂಡಳು. ತನ್ನ ಚೀಲದಲ್ಲಿದ್ದ ಚೀಟಿಯನ್ನು ತೆಗೆದು ಪಕ್ಕಕ್ಕಿಟ್ಟಳು. ಅದೇ ಗುಲಾಬಿ, ಅದೇ ತೆಳುವು.

"ಹಂಗಾರ ನಿಮ್ಮ ಅಂಗಡಿ ಕಾಗದ ತಾನ ಎದ್ದು ಹೋಗಿ ನಿಮ್ಮ ಅಕ್ಕಾರ ಪಾರ್ಸೆಲ್ಲಿನಾಗ ಕೂತ್ತೇನ್ರಿ, ಸಾವಕಾರ್ರ?"

ಶಿವಬಸಪ್ಪನವರ ಹಣೆಯ ಮೇಲಿನ ವಿಭೂತಿ ಬೆವರಿಗೆ ಕರಗತೊಡಗಿತು.

ನಾಲ್ಕು ದಿನಗಳ ಹಿಂದೆ, ಅಂದರೆ ಮಂಗಳವಾರ, ಬಿಳಿ ಬಟ್ಟೆಯಲ್ಲಿ ಹೊಲಿದ ಅಂಚೆ ಪಾರ್ಸೆಲ್ಲೊಂದು ಈ ಅಂಗಡಿಯ ವಿಳಾಸಕ್ಕೆ, ಶಿವಬಸಪ್ಪನವರ ಅಕ್ಕ ಜಯವ್ವನ ಹೆಸರಿಗೆ ಬಂದಿತ್ತು. ಕಳಿಸಿದವರ ಹೆಸರಿಲ್ಲ. ಬುಧವಾರ ಅಕ್ಕ ತಮ್ಮ ಇಬ್ಬರೂ ಕೂಡಿ ಬಿಚ್ಚಿದರೆ, ಒಳಗೆ ಕಪ್ಪು ಚಂದ್ರಕಾಳಿ ಸೀರೆ. ಅರವತ್ತೆರಡು ವರ್ಷಗಳ ಹಿಂದೆ ತಾನು ಒಬ್ಬನಿಗೆ ಕಳಿಸಿದ್ದ ಸೀರೆ ಇದೇ ಎಂದಿದ್ದಳು ಜಯವ್ವ.

ಆಗ ಜಯವ್ವನಿಗೆ ಇಪ್ಪತ್ತು. ಅಪ್ಪನ ಅಂಗಡಿಗೆ ಸೀರೆ ನೇಯ್ದು ಕೊಡುತ್ತಿದ್ದವರಲ್ಲಿ ಮಧುಕರ ಎಂಬ ಮರಾಠಿ ಹುಡುಗನಿದ್ದ. ಮಾಲು ತಂದು ಇಳಿಸುವ ನೆಪ ಅವನಿಗೆ, ಎಣಿಸಿ ಒಳಗಿಡುವ ನೆಪ ಇವಳಿಗೆ. ನೆಪ ಬೆಳೆದು ಪ್ರೀತಿಯಾಯಿತು. ಅಪ್ಪನಿಗೆ ಗೊತ್ತಾದ ದಿನದಿಂದ ಜಯವ್ವ ಮನೆಯ ಹೊಸಿಲು ದಾಟುವಂತಿರಲಿಲ್ಲ.

ಅವಳು ಕಸೂತಿ ಹಾಕಲು ಕುಳಿತಳು. ಕಸೂತಿಯ ಗಾವಂತಿ ಹೊಲಿಗೆಯಲ್ಲಿ ಸೂಜಿ ಒಂದೇ ಗೆರೆಯ ಮೇಲೆ ಎರಡು ಸಲ ನಡೆಯುತ್ತದೆ. ಹೋಗುವಾಗ ಒಂದು ಹೊಲಿಗೆ, ಒಂದು ಖಾಲಿ. ಮರಳುವಾಗ ಆ ಖಾಲಿ ಜಾಗಗಳೆಲ್ಲ ತುಂಬುತ್ತವೆ. ಗಂಟು ಎಂಬುದಿಲ್ಲ, ಹಿಂದೂ ಮುಂದೂ ಒಂದೇ. ಜಯವ್ವ ಸೆರಗಿನ ಮೇಲೆ ಜೋಡಿ ಹಕ್ಕಿಗಳನ್ನು ತೆಗೆದಳು, ಆದರೆ ಹೋಗುವ ಹೊಲಿಗೆ ಮಾತ್ರ ಹಾಕಿ ನಿಲ್ಲಿಸಿದಳು. ‘ಮರಳುವ ಹೊಲಿಗೆ ನೀ ಬಂದ ಮ್ಯಾಲೆ’ ಎಂದು ಕಾಗದ ಬರೆದು, ಸೀರೆಯ ಮಡಿಕೆಯಲ್ಲಿಟ್ಟು, ಹದಿನೇಳರ ತಮ್ಮ ಶಿವಬಸಪ್ಪನ ಕೈಗೆ ಕೊಟ್ಟಳು.

ತಮ್ಮ ಸಂಜೆಗೆ ಬಂದು ಹೇಳಿದ್ದು ಒಂದೇ ಮಾತು: "ಅವ ನೋಡಿ ನಕ್ಕುಬಿಟ್ಟ, ಅಕ್ಕಾ."

ಮಧುಕರ ಆಮೇಲೆ ಮಗ್ಗ ಮಾರಿ ಎಲ್ಲಿಗೋ ಹೋದ. ಜಯವ್ವ ಮದುವೆಯಾಗಲಿಲ್ಲ. ಶಾಲೆಯಲ್ಲಿ ಹೊಲಿಗೆ ಟೀಚರಾಗಿ, ಪ್ರತಾಪ ನಗರದಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡು ಎಂಬತ್ತೆರಡು ದಾಟಿದ್ದಾಳೆ. ಈಗ ಬಂದ ಸೀರೆಯಲ್ಲಿ ಹಕ್ಕಿಗಳ ಖಾಲಿ ಜಾಗಗಳೆಲ್ಲ ತುಂಬಿದ್ದವು. ಜೊತೆಗೆ ಮರಾಠಿಯಲ್ಲಿ ಬರೆದ ಈ ಚೀಟಿ: ‘ಮೈನಾ, ಈ ರವಿವಾರ ಹತ್ತು ಗಂಟೆಗೆ ಕಳಮೇಶ್ವರಕ್ಕೆ ಬಾ. ಅಂದು ನೀನು ಕಾದ ಜಾಗಕ್ಕೇ. ಒಬ್ಬಳೇ ಬಾ.’

ರವಿವಾರ ಅಂದರೆ ನಾಳೆ, ಕಳಮೇಶ್ವರ ಅಂದರೆ ನಾಗಪುರಕ್ಕೆ ಹತ್ತಿರದ ಊರು. ಜಯವ್ವ ಆಗಲೇ ಚೀಲ ತುಂಬಿಟ್ಟಿದ್ದಾಳೆ. ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮುದುಕಿ. ಚೀಟಿ ಹೇಳುವಂತೆ ಒಂದು ಸಲ ಕಾದು ಬರಿಗೈಯಲ್ಲಿ ಬಂದವಳು ಇನ್ನೊಂದು ಸಲ ಹಾಗೆ ಬಂದರೆ ಉಳಿಯುವುದಿಲ್ಲ ಎಂದು ಸತ್ಯಭಾಮಾಳ ಮನಸ್ಸು ಹೇಳುತ್ತಿತ್ತು. ‘ಹೋಗಲೋ ಬ್ಯಾಡೋ, ಅಷ್ಟ ಹೇಳು’ ಎಂದಿದ್ದಳು ಜಯವ್ವ. ಹೇಳಲು ಇನ್ನು ಒಂದು ಸಂಜೆ ಉಳಿದಿತ್ತು.

"ಇದನ್ನೂ ನೋಡ್ರಿ," ಸತ್ಯಭಾಮಾ ಪಾರ್ಸೆಲ್ಲಿನ ಬಿಳಿ ಬಟ್ಟೆಯನ್ನು ಗಾದಿಯ ಮೇಲೆ ಹರಡಿದಳು. "ಒಂದ ಸಲ ಹೊಲದ್ರ ಒಂದ ಸಾಲು ತೂತು ಬೀಳ್ತಾವ. ಇಲ್ಲಿ ಎರಡು ಸಾಲು ಅದಾವ. ಯಾರೋ ಬಿಚ್ಚಿ, ಚೀಟಿ ತುರುಕಿ, ಮತ್ತ ಹೊಲದಾರ. ಪೋಸ್ಟಿನ ಸಿಕ್ಕಾ ನೋಡಿದ್ರ ನಾಗಪುರದ್ದ. ಈ ಊರಿಂದ ಈ ಊರಿಗೇ ಬಂದ ಪಾರ್ಸೆಲ್ಲು. ಮಂಗಳವಾರ ಬಂದದ್ದು ಬುಧವಾರದ ತನಕಾ ಎಲ್ಲಿತ್ರಿ?"

"ಇಲ್ಲೇ ಅಂಗಡ್ಯಾಗ. ಕಲ್ಲೇಶ ಸಹಿ ಮಾಡಿ ತಗೊಂಡಾನ."

ತನ್ನ ಹೆಸರು ಕೇಳಿ ಕಲ್ಲೇಶ ಅಲ್ಲಿಂದಲೇ ತಲೆ ಎತ್ತಿದ. ಎಂಟು ವರ್ಷದ ಹಿಂದೆ ಗುಳೇದಗುಡ್ಡದಿಂದ ಬಂದು ಇಲ್ಲಿ ಸೇರಿದವನು. ನಲವತ್ತಕ್ಕೆ ಹತ್ತಿರ, ನಗುಮುಖ. "ಹೌದ್ರಿ ಮೇಡಂ, ನಾನ ತಗೊಂಡೆ. ಜಯವ್ವ ಆಯಿಗೆ ಫೋನೂ ನಾನ ಮಾಡಿದೆ. ನಾಳೆ ಕಳಮೇಶ್ವರಕ್ಕ ಗಾಡೀನೂ ನಾನ ತರಾವ. ಟೆನ್ಶನ್ ತಗೋಬ್ಯಾಡ್ರಿ," ಎಂದು ಮತ್ತೆ ಗಿರಾಕಿಗಳ ಕಡೆ ತಿರುಗಿ, ಜರಾ ಈ ಬಾರ್ಡರ್ ನೋಡ್ರಿ ತಾಯಿ ಎಂದು ಶುರುಮಾಡಿದ.

ಸತ್ಯಭಾಮಾ ದನಿ ತಗ್ಗಿಸಿದಳು. "ಸಾವಕಾರ್ರ, ನಿಮಗ ಎಪ್ಪತ್ತೊಂಬತ್ತು. ಮೊಣಕಾಲು ಬ್ಯಾನಿ ಅಂತ ಗುಡಿ ಮೆಟ್ಟಿಲಾ ಹತ್ತಂಗಿಲ್ಲ. ಪಾರ್ಸೆಲ್ ಬಿಚ್ಚಿದ ದಿನ ಸಂಜಿಕೆ ಏಣಿ ಹಾಕಿ ಅಂಗಡಿ ಅಟ್ಟ ಹತ್ತೀರಂತ. ಮ್ಯಾಲೆ ಏನೈತಿ?"

ಬಾಣ ನಾಟಿತು. ಶಿವಬಸಪ್ಪನವರ ಕೈ ನಡುಗಿ ಮುಂದಿದ್ದ ಚಹಾದ ಬಸಿ ಗಲಗಲ ಎಂದಿತು. ಈ ನಡುಗುವ ಕೈಯಿಂದ ಆ ಚೀಟಿಯ ನೆಟ್ಟನೆಯ ಅಕ್ಷರ ಬಂದೀತೇ ಎಂಬ ಅನುಮಾನ ಸತ್ಯಭಾಮಾಳಿಗೆ ಆಗಲೇ ಬಂತು. ಆದರೂ ಹಿಡಿದ ಪಟ್ಟು ಬಿಡಲಿಲ್ಲ.

"ನಾನೂ ಏಣಿ ಹತ್ತಬಲ್ಲೆ. ನೀವ ಹೇಳಿದ್ರ ಮರ್ಯಾದಿ ಉಳೀತೈತಿ."

ಹೆಂಗಸರಿಬ್ಬರೂ ಒಂದು ಸೀರೆ ಕೊಂಡು ಹೊರಟರು. ಕಲ್ಲೇಶ ಊಟಕ್ಕೆಂದು ಹೊರಬಿದ್ದ. ಆಮೇಲೆ ಶಿವಬಸಪ್ಪ ಎದ್ದು, ಗಾದಿಯ ಹಿಂದಿನ ಕಪಾಟು ತೆಗೆದರು. ಅಟ್ಟದಿಂದ ಇಳಿಸಿದ್ದನ್ನು ಅವರು ಮತ್ತೆ ಮೇಲೆ ಇಟ್ಟಿರಲಿಲ್ಲ. ಹಳದಿಯಾದ ಪಂಚೆಯ ಗಂಟೊಂದನ್ನು ತಂದು ಸತ್ಯಭಾಮಾಳ ಮುಂದಿಟ್ಟು, ತಾವು ಗೋಡೆಗೆ ಆತುಕೊಂಡರು.

ಗಂಟಿನೊಳಗೆ ಕಪ್ಪು ಚಂದ್ರಕಾಳಿ ಸೀರೆ. ಸೆರಗಿನ ಮೇಲೆ ಜೋಡಿ ಹಕ್ಕಿ. ಒಂದು ಹೊಲಿಗೆ, ಒಂದು ಖಾಲಿ. ಒಂದು ಹೊಲಿಗೆ, ಒಂದು ಖಾಲಿ.

ಸತ್ಯಭಾಮಾ ತನ್ನ ಚೀಲ ಮುಟ್ಟಿ ನೋಡಿಕೊಂಡಳು. ಪಾರ್ಸೆಲ್ಲಿನಲ್ಲಿ ಬಂದ ಸೀರೆ ಅವಳ ಚೀಲದಲ್ಲೇ ಇತ್ತು. ಹಾಗಾದರೆ ಸೀರೆ ಒಂದಲ್ಲ, ಎರಡು!

"ಒಯ್ದೇ ಇಲ್ಲೇನ್ರಿ ನೀವು?"

"ಇಲ್ಲ." ಶಿವಬಸಪ್ಪನವರ ದನಿ ಹುಡುಗನ ದನಿಯಂತೆ ಸಣ್ಣದಾಯಿತು. "ಗಂಟು ಬಗಲಾಗ ಇಟಗೊಂಡು ಹೊಂಟಿದ್ದೆ. ಅಪ್ಪ ಅಂಗಡಿ ಬಾಗಲದಾಗ ನಿಂತಿದ್ರು. ಏನಲೇ ಅದು ಅಂದ್ರು. ಹೊಸಾ ಮಾಲು ಅಂದೆ. ಹಂಗಾರ ಮ್ಯಾಲಿಡು ಅಂದ್ರು. ಇಟ್ಟೆ. ಅಷ್ಟ ನೋಡ್ರಿ. ಇಟ್ಟುಬಿಟ್ಟೆ."

"ಮತ್ತ ನಕ್ಕ ಅಂತ ಯಾಕ ಹೇಳಿದ್ರಿ?"

"ಸಿಗಲಿಲ್ಲ ಅಂದ್ರ ಅಕ್ಕ ನಾಳಿಗೆ ಮತ್ತ ಕಳಿಸ್ತಿದ್ಳು. ನಕ್ಕ ಅಂದ್ರ ಸಿಟ್ಟು ಬಂದು ಸುಮ್ಮನಾಗ್ತಾಳ ಅಂತ ಅನಿಸ್ತು. ಹುಡುಗಬುದ್ಧಿ. ಅಕಿ ಹಿಂಗ ಅರವತ್ತು ವರ್ಷ ಸುಮ್ಮನಾಗ್ತಾಳ ಅಂತ ನನಗೇನ್ ಗೊತ್ತಿತ್ತು?" ಅವರು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. "ನನ್ನ ಹೆಂಡತಿ ಯಲ್ಲಮ್ಮ ಇರೂತನಕ, ಮಡಿಕಿ ಬಿದ್ದಲ್ಲೆ ರೇಷ್ಮಿ ಸೀಳತೈತಿ ಅಂತ ವರ್ಷಕ್ಕೊಮ್ಮೆ ಇಳಿಸಿ ಮಡಿಕಿ ಬದಲಿ ಮಾಡ್ತಿದ್ಳು. ಅಕ್ಕಾರಿಗೆ ಹೇಳ್ರಿ, ಹೇಳ್ರಿ ಅಂತ ಜೀವ ತಿಂತಿದ್ಳು. ಹೇಳಿದ್ರ ಅಕ್ಕ ನನ್ನ ಮನಿ ನೀರು ಮುಟ್ಟಂಗಿಲ್ಲ. ಬುಧವಾರ ಆ ಸೀರಿ ನೋಡಿ ನನ್ನ ಜೀವ ಬಾಯಿಗೆ ಬಂತು. ಇದು ಮ್ಯಾಲೈತೋ ಇಲ್ಲೋ ನೋಡಾಕ ಅಟ್ಟ ಹತ್ತಿದೆ."

ಕೋಪ ಬರಬೇಕಿತ್ತು ಸತ್ಯಭಾಮಾಳಿಗೆ. ಬಂದದ್ದು ಮರುಕ. ಒಬ್ಬ ಹುಡುಗನ ಪುಕ್ಕಲುತನ ಇಬ್ಬರ ಬಾಳನ್ನು ನುಂಗಿತ್ತು.

ಅವಳು ಎರಡೂ ಸೀರೆಗಳ ಸೆರಗನ್ನು ಪಕ್ಕ ಪಕ್ಕ ಹರಡಿದಳು. ನೋಡಿದೊಡನೆ ತನ್ನ ತಲೆಗೆ ತಾನೇ ಮೊಟಕಿಕೊಳ್ಳುವಂತಾಯಿತು. ಅಟ್ಟದ ಸೀರೆಯಲ್ಲಿ ಬಿಳಿ ದಾರ ಚಹಾ ಬಣ್ಣಕ್ಕೆ ತಿರುಗಿತ್ತು. ಪಾರ್ಸೆಲ್ ಸೀರೆಯಲ್ಲಿ ಹೋದ ದಾರವೂ ಬಿಳಿ, ಬಂದ ದಾರವೂ ಬಿಳಿ. ಅರವತ್ತು ವರ್ಷದ ಅಂತರವಿರಬೇಕಾದ ಎರಡು ಹೊಲಿಗೆಗಳು ಒಂದೇ ತಿಂಗಳಲ್ಲಿ ಹುಟ್ಟಿದ್ದವು. ಸೀರೆ ಹಳೆಯದಾದ್ದರಿಂದ ಅವಳು ದಾರವನ್ನು ನೋಡಿಯೇ ಇರಲಿಲ್ಲ. ಪಾರ್ಸೆಲ್ ಆಫೀಸಿನಲ್ಲಿ ಹೀಗೆ ಮೈಮರೆತಿದ್ದರೆ ಎಂದೋ ಮೆಮೋ ಬರುತ್ತಿತ್ತು.

"ಇಲ್ನೋಡ್ರಿ," ಶಿವಬಸಪ್ಪ ಪಾರ್ಸೆಲ್ ಸೀರೆಯ ಸೆರಗನ್ನು ಮಗುಚಿ, ಭೂತಗನ್ನಡಿ ಹಿಡಿದರು. ವ್ಯಾಪಾರಿಯ ಕಣ್ಣು, ಅಳುವಾಗಲೂ ಸುಮ್ಮನಿರದು. "ಮರಳೂ ಹೊಲಿಗಿಯೊಳಗ ಗಂಟು ಐತಿ. ಒಂದು, ಎರಡು, ಮೂರು. ಕಸೂತಿ ಹಾಕೂ ಹೆಣ್ಣಮಗಳು ಸತ್ರೂ ಗಂಟು ಹಾಕಂಗಿಲ್ಲ. ಇದು ನೇಕಾರರ ಗಂಟು. ಎಳಿ ಹರಿದಾಗ ಮಗ್ಗದಾಗ ಕೂತಾವ್ರು ಹಾಕೂ ಗಂಟು. ಅಕ್ಕಿಕಾಳಿಗಿಂತ ಸಣ್ಣದು."

"ಈ ಹಕ್ಕಿ ಕಂಡಾವ್ರು ಯಾರ ಯಾರು?"

"ಅಕ್ಕ. ನಾನು. ನನ್ನ ಯಲ್ಲಮ್ಮ. ಅಕಿ ಹೋಗಿ ಆರು ವರ್ಷ ಆತು."

"ಮತ್ತ ಅಕ್ಕಾರು ಮಡಿಕ್ಯಾಗ ಇಟ್ಟ ಕಾಗದ?"

ಶಿವಬಸಪ್ಪ ಸೀರೆಯ ಮಡಿಕೆಗಳಲ್ಲಿ ಕೈ ಆಡಿಸಿದರು. ಪಂಚೆ ಝಾಡಿಸಿದರು. ಮುಖ ಬಿಳುಚಿತು. "ಇಲ್ಲೇ ಇತ್ತು. ಅಂಟು ಹಚ್ಚಿದ ಲಕೋಟಿ. ನಾನು ಎಂದೂ ಒಡದಿಲ್ಲ, ಶಿವನಾಣಿ. ಬುಧವಾರ ಸೀರಿ ಕಂಡ ಖುಷಿಯೊಳಗ ಅದನ್ನ ನೋಡೇ ಇಲ್ಲ."

ಸತ್ಯಭಾಮಾ ಎರಡೂ ಸೀರೆಗಳನ್ನು ಚೀಲಕ್ಕೆ ತುಂಬಿ ಆಟೋ ಹಿಡಿದಳು. ದಾರಿಯುದ್ದಕ್ಕೂ ಒಂದೇ ಯೋಚನೆ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ನಕಲು ಮಾಡಿದವರಿಗೆ ಹಕ್ಕಿ ಗೊತ್ತಿರಬೇಕು, ಕಸೂತಿ ಬರಬೇಕು, ನೇಕಾರರ ಗಂಟೂ ಬರಬೇಕು. ಅಂಥವರು ಈ ಊರಿನಲ್ಲಿ ಎಷ್ಟು ಜನ?

ಪ್ರತಾಪ ನಗರದ ಮನೆಯಲ್ಲಿ ಜಯವ್ವ ಕಿಟಕಿಯ ಬೆಳಕಿಗೆ ಕುಳಿತು ಎಲೆ ಅಡಿಕೆ ಸಂಚಿಯ ಲಾಡಿ ಸರಿಮಾಡುತ್ತಿದ್ದಳು. ಬಾಗಿಲ ಬಳಿ ತುಂಬಿದ ಚೀಲ, ಅದರ ಮೇಲೆ ಇಸ್ತ್ರಿ ಮಾಡಿದ ಹಸಿರು ಸೀರೆ. ಎಂಬತ್ತೆರಡರ ಮುಖದಲ್ಲಿ ಮದುವೆಮನೆಗೆ ಹೊರಟವರ ಕಳೆ. ಅದನ್ನು ಕಂಡು ಸತ್ಯಭಾಮಾಳಿಗೆ ಸಂಕಟವಾಯಿತು.

"ಬಾರವಾ. ಮುಖ ಯಾಕ ಹಂಗ ಮಾಡೀದಿ? ಶಿವು ಏನಂದ?"

ಸಂಚಿಯ ದಾರ ಪಟ್ಟನೆ ತುಂಡಾಯಿತು. ಮಾತಾಡುತ್ತಲೇ ಜಯವ್ವ ಎರಡು ತುದಿಗಳನ್ನು ಹೆಬ್ಬೆರಳ ಮೇಲೆ ಅಡ್ಡ ಇಟ್ಟು, ಒಂದನ್ನು ಸುತ್ತಿ, ಚಕ್ಕನೆ ಎಳೆದಳು. ನೋಡದೆಯೇ ಮಾಡಿದ ಕೆಲಸ. ಗಂಟು ಬಿತ್ತು, ಅಕ್ಕಿಕಾಳಿಗಿಂತ ಸಣ್ಣದು.

ಸತ್ಯಭಾಮಾ ಅವಳ ಎದುರು ನೆಲದ ಮೇಲೆ ಕುಳಿತಳು. ಚೀಲದಿಂದ ಮೊದಲು ಪಾರ್ಸೆಲ್ಲಿನ ಸೀರೆ ತೆಗೆದಳು, ಆಮೇಲೆ ಅಟ್ಟದ ಸೀರೆ.

"ಈ ಗಂಟು ನಿಮಗ ಮಧುಕರ ಅವರ ಕಲಿಸಿದ್ರಲ್ಲ, ಜಯಕ್ಕಾರ?"

ಜಯವ್ವ ಎರಡನೆಯ ಸೀರೆಯ ಸೆರಗನ್ನು ಮೆಲ್ಲಗೆ ಎಳೆದುಕೊಂಡು, ಚಹಾ ಬಣ್ಣದ ಹಕ್ಕಿಗಳ ಮೇಲೆ ಬೆರಳಾಡಿಸಿದಳು. ಒಂದು ಹೊಲಿಗೆ, ಒಂದು ಖಾಲಿ.

"ಎಲ್ಲಿತ್ತ ಇದು?"

"ಅಟ್ಟದ ಮ್ಯಾಲೆ. ಅರವತ್ತೆರಡು ವರ್ಷ. ನಿಮ್ಮ ತಮ್ಮ ಒಯ್ದೇ ಇಲ್ರಿ."

ಜಯವ್ವ ಅಳುತ್ತಾಳೆ ಎಂದುಕೊಂಡರೆ ಅವಳು ನಕ್ಕಳು, ಕಣ್ಣಿಂದ ನೀರು ಸುರಿಯುತ್ತಿದ್ದರೂ ನಕ್ಕಳು.

"ಹಂಗಾರ ಅವ ನಗಲಿಲ್ಲ," ಎಂದಳು. "ಕೇಳಿದೇನವಾ, ಅವ ನಗಲಿಲ್ಲ!"

ಸೆರಗಿನಿಂದ ಮುಖ ಒರೆಸಿಕೊಂಡು ಅವಳೇ ಹೇಳಿದಳು. "ಶಿವು ಸುಳ್ಳು ಹೇಳ್ಯಾನಂತ ಯಾವಾಗಿಂದೋ ಅನುಮಾನ ಇತ್ತು. ಕೇಳಿದ್ರ ಒಪ್ತಾನೇನು? ನಮ್ಮವ್ವನ ಹಳೇ ಚಂದ್ರಕಾಳಿ ಇತ್ತು. ಕಣ್ಣಿಗೆ ಪೊರೆ ತಗಿಸಿದ ಮ್ಯಾಲೆ ಮೂರು ವಾರ ಕೂತು ನಾನ ಹಾಕಿದೆ, ಹೋಗೂದೂ ನಾನ, ಬರೂದೂ ನಾನ. ದಾರ ನಡುವ ನಡುವ ಹರೀತು. ಕೈ ತಾನ ಅವ ಕಲಿಸಿದ ಗಂಟು ಹಾಕಿಬಿಡ್ತು. ನಾನ ಹೊಲದು, ಅಂಗಡಿ ವಿಳಾಸಕ್ಕ ನಾನ ಪೋಸ್ಟ್ ಮಾಡಿದೆ. ಶಿವು ಖರೇ ಕೊಟ್ಟಿದ್ರ ಅಯ್ಯ ವಾಪಸ್ ಬಂತಲ್ಲ ಅಂತಿದ್ದ. ಅವ ಹೆಣದಂಗ ಬೆಳ್ಳಗಾದ. ಅದರ ಬೆನ್ನು ಹತ್ತಲಿ ಅಂತ ನಿನ್ನ ಕರಸಿದೆ."

"ನನ್ನ ಕೂಡೆನೂ ಆಟ ಆಡಿದ್ರಿ!" ಸತ್ಯಭಾಮಾಳಿಗೆ ಸಿಟ್ಟು, ನಗು ಎರಡೂ ಬಂತು. ಎದೆಯ ಮೇಲಿನ ಭಾರ ಇಳಿದಂತಾಯಿತು. "ಹೋಗಲಿ ಬಿಡ್ರಿ. ಅಂದಮ್ಯಾಲೆ ನಾಳೆ ಕಳಮೇಶ್ವರಕ್ಕ ಹೋಗೂ ಕೆಲಸಿಲ್ಲ. ಆ ಚೀಲ ಬಿಚ್ಚಿಡ್ರಿ."

ಜಯವ್ವ ಅವಳ ಮುಖವನ್ನೇ ನೋಡಿದಳು. ನಗು ಈಗ ಪೂರ್ತಿ ಹೋಗಿತ್ತು.

"ಸೀರಿ ನಾ ಕಳಿಸಿದ್ದು, ಸತ್ಯಾ. ಚೀಟಿ ನಾ ಬರದದ್ದಲ್ಲ."

ಹೊರಗೆ ಯಾರದೋ ಮನೆಯ ಕುಕ್ಕರ್ ಮೂರು ಸಲ ಕೂಗಿ ನಿಂತಿತು.

"ನಾ ಹೊಲದಾಗ ಅದರಾಗ ಚೀಟಿ ಇರಲಿಲ್ಲ. ಬುಧವಾರ ಬಿಚ್ಚಿದ್ರ ಇತ್ತು. ನನ್ನ ಮೈನಾ ಅಂತ ಕರಿಯಾವ ಒಬ್ಬನ ಇದ್ದ. ಕಳಮೇಶ್ವರ ಸ್ಟೇಷನ್ನಿನ ನೀರಿನ ಟಾಕಿ ಬುಡಕ, ಹುಣಸಿ ಗಿಡದ ನೆರಳಿಗೆ ನಿಂತಿರ್ತೀನಿ ಅಂತ ಆ ಕಾಗದದಾಗ ಬರದು, ಕೆಳಗ ಮೈನಾ ಅಂತ ಸಹಿ ಹಾಕಿದ್ದೆ. ನಕ್ಕ ಅಂತ ಶಿವು ಅಂದ್ರೂ ಮನಸ್ಸು ಒಪ್ಪಲಿಲ್ಲ, ಅಪ್ಪನ ಕಣ್ಣು ತಪ್ಪಿಸಿ ಹೋಗಿ, ಮುಂಜಾನಿಂದ ಸಂಜಿತನಕ ನಿಂತೆ. ಅದನ್ನ ಇವತ್ತಿನ ತನಕಾ ಒಂದು ನರಪಿಳ್ಳಿ ಮುಂದೂ ಹೇಳಿಲ್ಲ. ನಿನಗೂ ಈಗ ಹೇಳಿದೆ."

ಸತ್ಯಭಾಮಾ ಬೆರಳು ಮಡಿಚಿ ಲೆಕ್ಕ ಹಾಕಿದಳು. ಎರಡು ಸಾಲು ಸೂಜಿತೂತು. ಅಂಗಡಿಯ ಗುಲಾಬಿ ಕಾಗದ. ಅಟ್ಟದ ಸೀರೆಯಿಂದ ಮಾಯವಾದ ಲಕೋಟೆ. ಆ ಲಕೋಟೆ ಒಡೆದು ಓದಿದವರು ಯಾರೋ ಇದ್ದಾರೆ, ಅವರು ಅಂಗಡಿಯೊಳಗೇ ಓಡಾಡುತ್ತಾರೆ.

"ಕಲ್ಲೇಶಗ ಏನ್ ಹೇಳೀರಿ?"

"ಕಳಮೇಶ್ವರಕ್ಕ ಹೋಗೂದೈತಿ ಅಂತ ಅಷ್ಟ. ಸ್ಟೇಷನ್ ಅಂತಾನೂ ಹೇಳಿಲ್ಲ. ಚೀಟಿ ತೋರಿಸಿಲ್ಲ. ಪಾಪ, ಯಾಕ ಅಂತಾನೂ ಕೇಳಲಿಲ್ಲ ಅವ."

"ಹೋಗಬ್ಯಾಡ್ರಿ, ಜಯಕ್ಕಾರ. ಕೈ ಮುಗೀತೀನಿ. ಅದು ಮಧುಕರರಲ್ಲ."

"ಇರಬಹುದು. ಆದ್ರ ಅವ ನಗಲಿಲ್ಲ ಅಂತ ಗೊತ್ತಾದ ಮ್ಯಾಲೆ ನಾ ಹೆಂಗ ಮನ್ಯಾಗ ಕೂಡಲಿ, ನೀನ ಹೇಳು?"

ಅಷ್ಟರಲ್ಲಿ ಗೇಟಿನ ಹೊರಗೆ ಗಾಡಿಯ ಹಾರ್ನ್ ಎರಡು ಸಲ ಕೇಳಿತು. ಗೇಟು ಕಿರುಗುಟ್ಟಿತು. ಬಾಗಿಲಲ್ಲಿ ಕಲ್ಲೇಶ ನಿಂತಿದ್ದ, ಅದೇ ನಗುಮುಖ.

"ಆಯಿ, ನಾಳೆ ಕಳಮೇಶ್ವರಕ್ಕ ಹೋಗೂ ಕಾಟೋಲ ರೋಡಿನಾಗ ಮೋರ್ಚಾ ಐತಂತ್ರಿ, ರಸ್ತಾ ಬಂದ್. ಇವತ್ತ ಹೊರಡೂಣ, ಜಲ್ದಿ. ರಾತ್ರಿ ವಸ್ತಿಗೆ ನಮ್ಮ ಪರಿಚಯದವರ ಮನಿ ಐತಿ." ಸತ್ಯಭಾಮಾಳನ್ನು ಕಂಡು ಒಂದು ಕ್ಷಣ ತಡೆದ. ಆಮೇಲೆ ಮತ್ತಷ್ಟು ನಗುತ್ತ, "ಅರೆ, ಮೇಡಂ ಇಲ್ಲೇ ಅದಾರ. ಬರೋಬರ್ ಆತು, ಆಯಿಗೆ ಟಾ ಟಾ ಮಾಡ್ರಿ," ಎಂದ.

ಅವನು ಬಗ್ಗಿ ಚೀಲ ಎತ್ತಿಕೊಂಡ. ಎರಡು ಹೆಜ್ಜೆ ಇಟ್ಟವನು ಬಿಸಿಲನ್ನು ನೋಡಿ ಹಿಂದಿರುಗಿದ. ಮೂಲೆಯಲ್ಲಿ ನಿಲ್ಲಿಸಿದ್ದ ಕಪ್ಪು ಛತ್ರಿಯನ್ನು ತೆಗೆದು, ಮಗ ತಾಯಿಗೆ ಕೊಡುವಷ್ಟೇ ಅಕ್ಕರೆಯಿಂದ ಜಯವ್ವನ ಕಡೆ ಚಾಚಿದ.

"ಇದೊಂದು ತಗೊಳ್ರಿ ಆಯಿ. ಟಾಕಿ ಬುಡಕ ಈಗ ನೆರಳಿಲ್ಲ. ಆ ಹುಣಸಿ ಗಿಡಾನ ಕಡದು ಭಾಳ ವರ್ಷ ಆತು."